ಪಾಲಿಟೆಕ್ನಿಕ್ ಎಂಬ ನಡುಮೆಟ್ಟಿಲು

ಉತ್ತರ ಕನ್ನಡ ಜಿಲ್ಲೆಯ ಹೆಗಡೆಕಟ್ಟಾದ ನಮ್ಮ ಮನೆಗೆ ನೀರು ಬರುವುದು ಬೆಟ್ಟದ ಅಬ್ಬಿಯಿಂದ. ಅಜ್ಜನ ಕಾಲದಲ್ಲಿ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ, ಇಳಿಜಾರೊಂದಿದ್ದರೆ ಸಾಕು. ಎರಡು ಬೇಸಿಗೆಯ ಹಿಂದೆ ಹಳೆಯ ಪೈಪು ಕಿತ್ತು ಹೊಸದು ಎಳೆಸಿದೆವು. ನೀರು ಬರಲಿಲ್ಲ. ಮೇಲೆ ಅಬ್ಬಿಯ ತೊಟ್ಟಿ ತುಂಬಿ ಚೆಲ್ಲುತ್ತಿದೆ, ಕೆಳಗೆ ಅಂಗಳದ ನಲ್ಲಿಯಲ್ಲಿ ಒಂದು ಹನಿ ಇಲ್ಲ. ಪೈಪು ಎಳೆದವರು ಬಂದು ನೋಡಿ, ನಡುವೆ ದಿಬ್ಬ ಎತ್ತರವಾಯಿತು, ಮೋಟರು ಕೂರಿಸಿಬಿಡಿ ಎಂದು ಹೇಳಿ ಹೋದರು.

ಅಣ್ಣನ ಮಗಳು ಆಗ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಳು. ರಜೆಗೆ ಬಂದವಳು ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಪಕ್ಕದ ಮನೆಯಿಂದ ತಂದಳು. ಎರಡು ಅಡಿಕೆ ದಬ್ಬೆಗಳಿಗೆ ಇಂಚುಪಟ್ಟಿ ಹಿಡಿದು ಗೀಟು ಹಾಕಿದಳು. ಪೈಪಿನ ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ನನಗೆ ಹಿಡಿಸಿದಳು. ಅಬ್ಬಿಯಿಂದ ದಿಬ್ಬದ ತನಕ ಹೆಜ್ಜೆ ಹೆಜ್ಜೆಗೂ ನಿಂತು, ಎರಡೂ ಕಡೆಯ ನೀರಿನ ಮಟ್ಟ ಓದಿ, ಪಟ್ಟಿಯ ಒಂದು ಹಾಳೆಯಲ್ಲಿ ಬ್ಯಾಕ್ ಸೈಟ್, ಫೋರ್ ಸೈಟ್ ಎಂದು ಎರಡು ಸಾಲು ಮಾಡಿ ಬರೆದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಲೆಕ್ಕ ಮುಗಿಯಿತು. ದಿಬ್ಬದ ನೆತ್ತಿ ಅಬ್ಬಿಗಿಂತ ನಾಲ್ಕು ಅಡಿ ಎರಡು ಇಂಚು ತಗ್ಗಿನಲ್ಲಿತ್ತು. ನೀರು ಬರಲೇಬೇಕು.

“ಚಿಕ್ಕಪ್ಪ, ನೀರಿಗೆ ದಾರಿ ಇದ್ದು. ಗಾಳಿಗೆ ದಾರಿ ಇಲ್ಲೆ” ಅಂದಳು.

ದಿಬ್ಬದ ನೆತ್ತಿಯಲ್ಲಿ ಪೈಪು ಕತ್ತರಿಸಿ ಒಂದು ‘ಟೀ’ ಕೂರಿಸಿ, ಅದಕ್ಕೊಂದು ಸಣ್ಣ ವಾಲ್ವ್ ಹಾಕಿದೆವು. ತಿರುಗಿಸಿದ್ದೇ ತಡ, ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಸೀಟಿ ಹೊಡೆದ ಹಾಗೆ ಹೊರಟಿತು. ಗಾಳಿ ಮುಗಿದು ನೀರು ಚಿಮ್ಮಿದ ಮೇಲೆ ವಾಲ್ವ್ ಮುಚ್ಚಿದಳು. ಕೆಳಗಿನಿಂದ ಅತ್ತಿಗೆಯ ಕೂಗು ಕೇಳಿತು, ನೀರು ಬಂತು ಎಂದು.

ಆ ದಿನದಿಂದ ನನಗೆ ಪಾಲಿಟೆಕ್ನಿಕ್ ಎಂಬ ಸಂಸ್ಥೆಯ ಬಗ್ಗೆ ಬರೆಯಬೇಕು ಅನ್ನಿಸಿತ್ತು. ನಮ್ಮ ಕಡೆ ಇಂಜಿನಿಯರಿಂಗ್ ಎಂದರೆ ಪಿಯುಸಿ, ಸಿಇಟಿ, ಬೆಂಗಳೂರು ಎಂಬ ಒಂದೇ ದಾರಿ ಎಲ್ಲರ ಕಣ್ಣ ಮುಂದಿದೆ. ಐಟಿಐ ಎಂದರೆ ಓದು ಹತ್ತದವರ ಪಾಲಿನದು ಎಂಬ ಮಾತು ಮದುವೆಮನೆಯ ಪಂಕ್ತಿಯಲ್ಲೂ ಕೇಳುತ್ತದೆ. ಇವೆರಡರ ನಡುವೆ ಸರ್ಕಾರ ಕಟ್ಟಿದ ಗಟ್ಟಿಯಾದ ಮೆಟ್ಟಿಲೊಂದು ಇದೆ. ಅದರ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ನೇರವಾಗಿ ಪಾಲಿಟೆಕ್ನಿಕ್ ಸೇರಬಹುದು. ಪ್ರವೇಶ ಪರೀಕ್ಷೆ ಇಲ್ಲ, ಅಂಕದ ಮೇಲೆ ಸೀಟು. ಮೂರು ವರ್ಷ, ಆರು ಸೆಮಿಸ್ಟರ್. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಹೀಗೆ ವಿಭಾಗಗಳು. ಸರ್ಕಾರಿ ಕಾಲೇಜಾದರೆ ವರ್ಷದ ಶುಲ್ಕ ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಐಟಿಐ ಮುಗಿಸಿದವರಿಗೆ ನೇರ ಎರಡನೇ ವರ್ಷಕ್ಕೆ ಬರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಅಂದರೆ ಫಿಟ್ಟರ್ ಆಗಿ ಶುರು ಮಾಡಿದ ಹುಡುಗ ಇಂಜಿನಿಯರ್ ಆಗಿ ಹೊರಬರುವ ದಾರಿ ಕಾಗದದ ಮೇಲೆ ಮಾತ್ರ ಇರುವುದಲ್ಲ, ಪ್ರತಿ ವರ್ಷ ಅದರಲ್ಲಿ ನಡೆದು ಹೋಗುವವರಿದ್ದಾರೆ.

ಈ ಏಣಿ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ನಮ್ಮ ಜಿಲ್ಲೆಯ ಮಟ್ಟಿಗೆ ಅದರ ಕಥೆ ಮೈಸೂರಿನಿಂದಲ್ಲ, ಪುಣೆಯಿಂದ ಶುರುವಾಗುತ್ತದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೆ ತಮ್ಮ ಸರ್ಕಾರದ ಇಂಜಿನಿಯರಿಂಗ್ ಕಾಲೇಜು ಎಂದರೆ ಪುಣೆಯದು. ಅದು 1854ರಲ್ಲಿ ಹುಟ್ಟಿದ್ದು ಲೋಕೋಪಯೋಗಿ ಇಲಾಖೆಗೆ ಕೆಳಹಂತದ ಸಿಬ್ಬಂದಿಯನ್ನು ತಯಾರು ಮಾಡಲು. ರಸ್ತೆ, ಸೇತುವೆ, ಕಾಲುವೆಗಳ ಕೆಲಸಕ್ಕೆ ಅಳೆಯುವ, ನಕ್ಷೆ ಬರೆಯುವ, ಮೇಲ್ವಿಚಾರಣೆ ಮಾಡುವ ಜನ ಬೇಕಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಡಿಪ್ಲೊಮಾದವರು ಬೇಕಿತ್ತು.

ಅದೇ ಪುಣೆಯಲ್ಲಿ ಓದಿ 1883ರಲ್ಲಿ ಇಂಜಿನಿಯರಿಂಗ್ ಮುಗಿಸಿದವರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಮುಂಬೈ ಸರ್ಕಾರದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದು, 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಲ್ಲಿ ದಿವಾನರಾಗಿ ಬಂದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಅವರ ದಿವಾನಗಿರಿಯಲ್ಲೇ ಆದವು. ಆ ಕಾಲೇಜು ಇಂದಿನ ಯುವಿಸಿಇ. ಇವನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಇನ್ನೊಂದಿದೆ. ಭದ್ರಾವತಿ ಕಬ್ಬಿಣ ಕಾರ್ಖಾನೆಯ ಅಧ್ಯಕ್ಷರಾಗಿದ್ದಾಗ ಸಂಬಳ ಮುಟ್ಟದ ಅವರು, ತಮಗೆ ಸಲ್ಲಬೇಕಾದ ಆ ಹಣದಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಯೊಂದು ಆಗಲಿ ಎಂದು ಕೇಳಿದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹೀಗೆ ಬಂದದ್ದು. ಅದೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ದೇಶದ ದೊಡ್ಡ ಇಂಜಿನಿಯರ್ ತನ್ನ ಸ್ವಂತ ದುಡಿಮೆಯ ಹಣವನ್ನು ಇಟ್ಟದ್ದು ಪದವಿಯ ಮೆಟ್ಟಿಲಿಗಲ್ಲ, ಈ ನಡುಮೆಟ್ಟಿಲಿಗೆ.

ಸ್ವಾತಂತ್ರ್ಯ ಬಂದ ಮೇಲೆ ಹುಬ್ಬಳ್ಳಿಯಲ್ಲಿ 1947ರಲ್ಲಿ ಕೆಎಲ್‌ಇ ಸಂಸ್ಥೆಯ ಬಿವಿಬಿ ಕಾಲೇಜು, 1951ರಲ್ಲಿ ದಾವಣಗೆರೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, 1960ರಲ್ಲಿ ಸುರತ್ಕಲ್‌ನಲ್ಲಿ ಕೆಆರ್‌ಇಸಿ ಬಂದವು. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರವೂ ರಾಜ್ಯವೂ ಸೇರಿ ಕಟ್ಟಿದ ಪ್ರಾದೇಶಿಕ ಕಾಲೇಜುಗಳಲ್ಲಿ ಸುರತ್ಕಲ್ ಒಂದು. ಆಗ ಹೊರದೇಶಗಳೂ ಕೈಜೋಡಿಸಿದವು. ಮುಂಬೈ ಐಐಟಿಗೆ ಸೋವಿಯತ್ ರಷ್ಯಾ, ಮದ್ರಾಸಿನದಕ್ಕೆ ಪಶ್ಚಿಮ ಜರ್ಮನಿ, ಕಾನ್ಪುರಕ್ಕೆ ಅಮೆರಿಕ ನೆರವಾದವು. ಡೆನ್ಮಾರ್ಕ್ ಮಾತ್ರ ಕರ್ನಾಟಕದಲ್ಲಿ ಬೇರೆ ಜಾಗ ಆರಿಸಿಕೊಂಡಿತು. 1972ರಲ್ಲಿ ಅದರ ನೆರವಿನಿಂದ ಬೆಂಗಳೂರಿನಲ್ಲಿ ಜಿಟಿಟಿಸಿ ಬಂತು. ಅಚ್ಚು ಮತ್ತು ಉಪಕರಣ ತಯಾರಿಕೆಯನ್ನು ಯಂತ್ರದ ಎದುರು ನಿಲ್ಲಿಸಿಯೇ ಕಲಿಸುವ ಸರ್ಕಾರಿ ಸಂಸ್ಥೆ ಅದು. ಇಂದು ರಾಜ್ಯದ ಹಲವು ಊರುಗಳಲ್ಲಿ ಅದರ ಶಾಖೆಗಳಿವೆ.

ಇಷ್ಟೆಲ್ಲ ಆಗುವಾಗ ನಮ್ಮ ಜಿಲ್ಲೆ ಎಲ್ಲಿತ್ತು? ಸಿದ್ದಾಪುರದ ಗಡಿಯಲ್ಲಿ ಧುಮುಕುವ ಜೋಗದ ಶರಾವತಿಯಿಂದ 1948ರಲ್ಲೇ ವಿದ್ಯುತ್ ತೆಗೆದಾಗಿತ್ತು. ಕಾಳಿ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟೆ ಎದ್ದಿತು. ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ 120 ಮೆಗಾವಾಟ್, ಕೆಳಗೆ ಕದ್ರಾದಲ್ಲಿ 150 ಮೆಗಾವಾಟ್ ಬಂತು. ಕೈಗಾದಲ್ಲಿ ಅಣುಸ್ಥಾವರ ಬಂತು. ಊರುಗಳು ಮುಳುಗಿದವು, ಕಾಡು ಮುಳುಗಿತು. ಇಂಥ ಜಿಲ್ಲೆಗೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂದದ್ದು 2007ರಲ್ಲಿ, ಗೋವಾ ಗಡಿಯ ಹತ್ತಿರ, ಕಾರವಾರದಾಚೆಯ ಮಾಜಾಳಿಗೆ. ಶಿರಸಿಯಿಂದ ಹುಬ್ಬಳ್ಳಿಯೇ ಅದಕ್ಕಿಂತ ಹತ್ತಿರ. ಖಾಸಗಿಯಾಗಿ ಭಟ್ಕಳದಲ್ಲಿ ಅಂಜುಮನ್ ಕಾಲೇಜು 1980ರಿಂದಲೇ ಇತ್ತು ಎಂಬುದನ್ನು ಮರೆಯಬಾರದು. ಆದರೆ ಸರ್ಕಾರದ ಲೆಕ್ಕದಲ್ಲಿ ಇದು ತುಂಬಾ ತಡ. ನೀರು, ನೆಲ ಕೊಟ್ಟ ಜಿಲ್ಲೆಯ ಮಕ್ಕಳಿಗೆ ಟರ್ಬೈನಿನ ಪಕ್ಕ ನಿಲ್ಲುವ ಓದು ಮೊದಲು ಸಿಗಬೇಕಿತ್ತು. ಈ ಮಾತನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಹಾಗಾಗಿಯೇ ನಮ್ಮ ಭಾಗಕ್ಕೆ ಪಾಲಿಟೆಕ್ನಿಕ್ ದೊಡ್ಡದು. ಕಾರವಾರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಘಟ್ಟದ ಮೇಲೆ ಸಿದ್ದಾಪುರದಲ್ಲೂ ಇದೆ. ಹದಿನಾರು ವರ್ಷದ ಮಗುವನ್ನು ಬೆಂಗಳೂರಿಗೆ ಕಳಿಸಲಾರದ ಮನೆಗಳಿಗೆ, ಬಸ್ಸಿನಲ್ಲಿ ಹೋಗಿ ಬರಬಹುದಾದ ಇಂಜಿನಿಯರಿಂಗ್ ಓದು ಇದೊಂದೇ.

ಅಲ್ಲಿ ಏನು ಕಲಿಸುತ್ತಾರೆ ಎಂದು ತಿಳಿಯಬೇಕಾದರೆ ವರ್ಕ್‌ಶಾಪಿನ ಫಿಟ್ಟಿಂಗ್ ವಿಭಾಗದಲ್ಲಿ ಒಂದು ಹೊತ್ತು ನಿಲ್ಲಬೇಕು. ಉದ್ದನೆಯ ಮರದ ಮೇಜು, ಅದರ ಅಂಚಿಗೆ ಸಾಲಾಗಿ ವೈಸುಗಳು. ಕೈಗೆ ಕೊಡುವುದು ಅಂಗೈಯಗಲದ ಒಂದು ಎಂ.ಎಸ್. ಪ್ಲೇಟು. ಅದನ್ನು ವೈಸಿನಲ್ಲಿ ಕಚ್ಚಿಸಿ ಅರದಿಂದ ತೀಡಬೇಕು. ಮುಂದಕ್ಕೆ ತಳ್ಳುವಾಗ ಮಾತ್ರ ಅರ ಕಡಿಯುತ್ತದೆ, ಹಿಂದಕ್ಕೆ ಎಳೆಯುವಾಗ ಒತ್ತಿದರೆ ಹಲ್ಲು ಸವೆಯುತ್ತದೆ. ಹೊಸಬರೆಲ್ಲ ಎರಡೂ ಕಡೆ ಒತ್ತುತ್ತಾರೆ, ಹಾಗಾಗಿ ಮೊದಲ ದಿನ ತೋಳು ನೋಯುತ್ತದೆ, ಕೆಲಸ ಮಾತ್ರ ಸಾಗುವುದಿಲ್ಲ. ಒಂದು ಅಂಚು ಸಪಾಟಾದ ಮೇಲೆ ಪಕ್ಕದ ಅಂಚು ಅದಕ್ಕೆ ಸರಿಯಾಗಿ ಮೂಲೆಮಟ್ಟಕ್ಕೆ ಬರಬೇಕು. ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ಅಲಗಿಗೂ ಅಂಚಿಗೂ ನಡುವೆ ಬೆಳಕು ನುಸುಳಿದರೆ ಇನ್ನೂ ತೀಡಬೇಕು. ಅಣ್ಣನ ಮಗಳು ತನ್ನ ಮೊದಲ ಪ್ಲೇಟನ್ನು ಹನ್ನೊಂದು ಸಲ ಬೆಳಕಿಗೆ ಹಿಡಿದಳಂತೆ. ಅವಳದು ಸಿವಿಲ್. ಆದರೂ ವರ್ಕ್‌ಶಾಪು ತಪ್ಪಲಿಲ್ಲ.

ಆಮೇಲೆ ಗೀಟು ಹಾಕುವುದು, ಪಂಚಿನಿಂದ ಚುಕ್ಕಿ ಹೊಡೆಯುವುದು, ಹ್ಯಾಕ್‌ಸಾದಿಂದ ‘ವಿ’ ಆಕಾರ ಕೊಯ್ಯುವುದು, ಎರಡು ತುಂಡುಗಳು ಒಂದರೊಳಗೊಂದು ಕೂರುವಂತೆ ಮಾಡುವುದು. ವರ್ನಿಯರ್ ಕ್ಯಾಲಿಪರಿನಲ್ಲಿ 0.02 ಮಿಲಿಮೀಟರ್ ಓದಲು ಕಲಿತ ಕಣ್ಣು, ಸುಮಾರಾಗಿದೆ ಎಂಬ ಮಾತಿಗೆ ಒಪ್ಪುವುದಿಲ್ಲ. ಪಾಲಿಟೆಕ್ನಿಕ್ ಕೊಡುವ ಎಲ್ಲದಕ್ಕಿಂತ ಇದು ಹೆಚ್ಚು ಎಂದು ನನಗೆ ತೋರುತ್ತದೆ.

ಕೊರತೆ ಇಲ್ಲವೆಂದಲ್ಲ. ಅತಿಥಿ ಉಪನ್ಯಾಸಕರ ಮೇಲೆ ನಿಂತ ತರಗತಿಗಳಿವೆ. ಅದಕ್ಕಿಂತ ನನ್ನನ್ನು ಕಾಡುವುದು ಭಾಷೆಯ ತೊಡಕು. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಒಂದೇ ಜೂನ್ ತಿಂಗಳಿನಲ್ಲಿ ಇಂಗ್ಲಿಷ್ ಪುಸ್ತಕದ ಎದುರು ಕೂರುತ್ತದೆ. ವರ್ಕ್‌ಶಾಪಿನಲ್ಲಿ ಮೇಷ್ಟರು ಕನ್ನಡದಲ್ಲೇ ಹೇಳುತ್ತಾರೆ, ಕೈಗೆ ಎಲ್ಲ ತಿಳಿಯುತ್ತದೆ. ಪರೀಕ್ಷೆಯ ಹಾಳೆಗೆ ಬಂದಾಗ ಅದೇ ಮಗು ತಡವರಿಸುತ್ತದೆ. ಬಿಇ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿಟ್ಟು ಸರ್ಕಾರ ಬಾಗಿಲು ತೆರೆದಿದೆ. ಬಾಗಿಲ ಒಳಗೆ ಬಂದವರ ಕೈಗೆ ಕೊಡುವ ಪುಸ್ತಕ ಮಾತ್ರ ಬದಲಾಗಲಿಲ್ಲ. 2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು, ಸೇರಲು ಮಕ್ಕಳು ಹೆಚ್ಚಾಗಿ ಮುಂದೆ ಬರಲಿಲ್ಲ. ಕೆಲಸ ಸಿಗದಿದ್ದರೆ ಎಂಬ ತಂದೆತಾಯಿಯ ಭಯ ನನಗೆ ಅರ್ಥವಾಗುತ್ತದೆ. ಹಾಗೆಂದು ಕೈಬಿಡಬಾರದು. ಡಿಪ್ಲೊಮಾದ ಮೊದಲ ವರ್ಷಕ್ಕೆ, ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಹಾಗೆಯೇ ಇಟ್ಟುಕೊಂಡು, ವಿವರಣೆಯನ್ನು ಒಳ್ಳೆಯ ಕನ್ನಡದಲ್ಲಿ ಕೊಡುವ ಪುಸ್ತಕಗಳು ಬಂದರೆ ಅರ್ಧ ತೊಡಕು ಅಲ್ಲಿಗೇ ಬಗೆಹರಿಯುತ್ತದೆ.

ಕೆಲಸದ ಮಾತಿಗೆ ಬಂದರೆ, ನಮ್ಮ ಊರಿನ ಕಡೆಗೇ ಒಮ್ಮೆ ಕಣ್ಣು ಹಾಯಿಸಬೇಕು. ಯಾಣಕ್ಕೆ ಹೋಗುವ ದಾರಿಯಲ್ಲಿ ಹೆಗಡೆಕಟ್ಟಾ ದಾಟುವವರಿಗೆ ಕಾಣುವುದು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹೆಂಚಿನ ಮನೆ. ಮನೆಯೊಳಗೆ ಯಂತ್ರಗಳು ಬಂದು ವರ್ಷಗಳಾದವು. ಮೆಟ್ಟುಗತ್ತಿಯ ಎದುರು ರಾತ್ರಿಯಿಡೀ ಕುಳಿತು ಸುಲಿಯುತ್ತಿದ್ದ ಕೈಗಳು ಕಡಿಮೆಯಾದಂತೆ ಸುಲಿಯುವ ಯಂತ್ರ ಬಂತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗದಂತಾದ ಮೇಲೆ ಕಾರ್ಬನ್ ಫೈಬರ್ ದೋಟಿ ಬಂತು, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಬೋರ್ಡೋ ದ್ರಾವಣ ಹೊಡೆಯಬಹುದು. ಕೊಯ್ಲಿನ ನಡುವೆ ಸುಲಿಯುವ ಯಂತ್ರದ ಬೇರಿಂಗು ಹೋದರೆ ರಾಶಿ ಬಿದ್ದ ಹಸಿ ಅಡಿಕೆ ಕಾಯುವುದಿಲ್ಲ. ಅದನ್ನು ಬಿಚ್ಚಿ, ಅಳೆದು, ಸರಿಯಾದ ಬೇರಿಂಗು ಹಾಕಿ, ಶಾಫ್ಟು ನೇರ ಇದೆಯೇ ನೋಡಿ ಕೂರಿಸಬಲ್ಲವರು ಪ್ರತಿ ಪಂಚಾಯತಿಗೆ ನಾಲ್ಕು ಜನ ಇದ್ದರೂ ಅವರಿಗೆ ಕೆಲಸ ಕಡಿಮೆಯಾಗುವುದಿಲ್ಲ.

ಅಣ್ಣನ ಮಗಳು ಈಗ ಕೊನೆಯ ಸೆಮಿಸ್ಟರಿನಲ್ಲಿದ್ದಾಳೆ. ಡಿಸಿಇಟಿಗೆ ಓದುತ್ತಿದ್ದಾಳೆ. ಅವಳು ಲೆವೆಲ್ ಬರೆದ ಆ ಹಾಳೆಯನ್ನು ಅಣ್ಣ ಅಡುಗೆಮನೆಯ ಬಾಗಿಲ ಹಿಂದೆ ಕರೆಂಟು ಬಿಲ್ಲಿನ ಜತೆ ಸಿಕ್ಕಿಸಿಟ್ಟಿದ್ದಾನೆ. ಮಳೆಗಾಲದಲ್ಲಿ ಅಬ್ಬಿಯ ಬಾಯಿಗೆ ಎಲೆ ಕಟ್ಟಿ ಪೈಪಿನಲ್ಲಿ ಗಾಳಿ ಸೇರುವುದುಂಟು. ಆಗ ಅತ್ತಿಗೆ ಕಂಬಳಿಕೊಪ್ಪೆ ಹಾಕಿಕೊಂಡು ತಾನೇ ದಿಬ್ಬ ಹತ್ತುತ್ತಾಳೆ. ಮೊದಲು ಎಲೆ ತೆಗೆಯುತ್ತಾಳೆ, ಆಮೇಲೆ ಕೆಳಗಿಳಿದು ಬಂದು ವಾಲ್ವ್ ತಿರುಗಿಸಿ, ಸೀಟಿ ನಿಲ್ಲುವವರೆಗೆ ಅಲ್ಲೇ ನಿಲ್ಲುತ್ತಾಳೆ.