ಕೊಂಡಿಯುಳ್ಳ ಕೋಷ್ಟಕ

ಪ್ರಶ್ನೆ: ಹಾಲಿನ ಸಂಘದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತಿದ್ದಿದರೂ ವರ್ಡ್ ವರದಿಯಲ್ಲಿ ಹಳೆಯ ಅಂಕಿಯೇ ಉಳಿಯುವುದೇಕೆ? (ಓದುಗರು, ಕೊಪ್ಪ, ಮದ್ದೂರು ತಾಲ್ಲೂಕು)

ಉತ್ತರ: ಸಾಮಾನ್ಯ ರೀತಿಯಲ್ಲಿ ಅಂಟಿಸಿದ ಕೋಷ್ಟಕವು ಆ ಕ್ಷಣದ ಪ್ರತಿಬಿಂಬ ಮಾತ್ರವಾದುದರಿಂದ, ಗೆಜ್ಜಲಗೆರೆಯ ಹಾಲು ಒಕ್ಕೂಟಕ್ಕೆ ಕಳುಹಿಸಿದ ಲೀಟರುಗಳು ಮೂಲ ಹಾಳೆಯಲ್ಲಿ ಎಷ್ಟೇ ಬದಲಾದರೂ ವರದಿಗೆ ಅದರ ಸುಳಿವು ಹತ್ತದು. ಎಕ್ಸೆಲ್ ಕಡತವನ್ನು ಉಳಿಸಿ, ಬೇಕಾದ ಕೋಶಗಳನ್ನು ನಕಲಿಸಿ, ವರ್ಡ್‌ನ ‘ಪೇಸ್ಟ್ ಸ್ಪೆಷಲ್’ನಲ್ಲಿ ‘ಪೇಸ್ಟ್ ಲಿಂಕ್’ ಎಂಬುದನ್ನು ಆರಿಸಿದಲ್ಲಿ, ವರದಿಯು ಮೂಲ ಕಡತದ ವಿಳಾಸವನ್ನು ತನ್ನಲ್ಲಿ ಧರಿಸಿ, ತೆರೆದಾಗಲೆಲ್ಲ ನಿಮ್ಮ ಅನುಮತಿಯೊಡನೆ ಹೊಸ ಅಂಕಿಗಳನ್ನು ತರುವುದು. ಮೈಕ್ರೋಸಾಫ್ಟ್ 1990ರಲ್ಲಿ ಹೊರತಂದ, ಒಂದು ಕಡತದ ಅಂಶವನ್ನು ಇನ್ನೊಂದಕ್ಕೆ ಜೋಡಿಸುವ ‘ಓಎಲ್‌ಇ’ ವ್ಯವಸ್ಥೆಯೇ ಇದಕ್ಕೆ ಆಧಾರ. ಕಡತದ ಹೆಸರನ್ನೋ ಸ್ಥಾನವನ್ನೋ ಬದಲಿಸಿದರೆ ಕೊಂಡಿ ಕಳಚುವುದು; ಪೆನ್‌ಡ್ರೈವಿನಲ್ಲಿ ವರದಿಯೊಂದನ್ನೇ ಒಯ್ಯುವ ಕಾರ್ಯದರ್ಶಿಗಳು ಎಡವುವುದು ಇಲ್ಲಿಯೇ. ಲೆಕ್ಕಪರಿಶೋಧನೆಗೆ ಸಲ್ಲಿಸುವ ಪ್ರತಿಯಲ್ಲಾದರೋ ಅಂಕಿ ಸ್ಥಿರವಾಗಿರಬೇಕಾದುದರಿಂದ, ‘ಬ್ರೇಕ್ ಲಿಂಕ್’ ಒತ್ತಿ ಕೊಂಡಿಯನ್ನು ಬುದ್ಧಿಪೂರ್ವಕವಾಗಿಯೇ ಕತ್ತರಿಸತಕ್ಕದ್ದು.