ಡಿಸ್ಕ್ ಇದೆ, ಇನ್‌ಸ್ಟಾಲರ್‌ಗೆ ಕಾಣುತ್ತಿಲ್ಲ

ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಾಗ ಅದರ ಮೇಲೆ ಆಗಲೇ ಎರಡು ತೀರ್ಪು ಬಿದ್ದಿದ್ದವು. ವಿಂಡೋಸ್ ಕೆಟ್ಟಿತ್ತು, ಹೊಸದಾಗಿ ಹಾಕಿಸಲು ರಿಪೇರಿ ಅಂಗಡಿಗೆ ಕೊಟ್ಟಿದ್ದಳು. ವಿಂಡೋಸ್ 11ರ ಇನ್‌ಸ್ಟಾಲರ್ ಎಲ್ಲಿ ಹಾಕಲಿ ಎಂದು ಕೇಳುವ ಪರದೆಯಲ್ಲಿ ಒಂದೂ ಡ್ರೈವ್ ಇರಲಿಲ್ಲ. ಎಸ್‌ಎಸ್‌ಡಿ ಹೋಗಿದೆ ಅಂದರು, ಹೊಸದು ಕೊಂಡಳು. ಅದೂ ಕಾಣಲಿಲ್ಲ. ಹಾಗಾದರೆ ಮದರ್‌ಬೋರ್ಡೇ ಹೋಗಿದೆ ಅಂದರು. ಮದರ್‌ಬೋರ್ಡಿನ ಬೆಲೆ ಕೇಳಿದ ಮೇಲೆ ಅವಳಿಗೆ ನನ್ನ ನೆನಪಾಗಿದ್ದು.

ಮೊದಲು ಎಫ್2 ಒತ್ತಿ ಬಯಾಸ್‌ಗೆ ಹೋದೆ. ಅಲ್ಲಿ ಎಸ್‌ಎಸ್‌ಡಿಯ ಹೆಸರು, ಮಾದರಿ ಸಂಖ್ಯೆ ಎಲ್ಲ ನೆಟ್ಟಗೆ ಕೂತಿದ್ದವು. ಈ ಒಂದು ನೋಟದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಯಾಸ್‌ಗೇ ಡಿಸ್ಕ್ ಕಾಣದಿದ್ದರೆ ಯಾವ ಡ್ರೈವರೂ ಕಾಪಾಡದು. ಸ್ಕ್ರೂ ಬಿಚ್ಚಿ ಡಿಸ್ಕ್ ತೆಗೆದು ಮತ್ತೆ ಕೂರಿಸಬೇಕು, ಬೇರೆ ಸ್ಲಾಟ್ ನೋಡಬೇಕು. ಬಯಾಸ್‌ಗೆ ಕಂಡದ್ದು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಬಹುಪಾಲು ಡಿಸ್ಕೂ ಸರಿ, ಬೋರ್ಡೂ ಸರಿ. ನಡುವೆ ನಿಂತಿರುವ ಕಂಟ್ರೋಲರ್‌ನ ಭಾಷೆ ಇನ್‌ಸ್ಟಾಲರ್‌ಗೆ ಬರುವುದಿಲ್ಲ, ಅಷ್ಟೆ.

ಆಪರೇಟಿಂಗ್ ಸಿಸ್ಟಂ ಮಾತಾಡುವುದು ಡಿಸ್ಕಿನ ಜೊತೆಗಲ್ಲ, ಅದರ ಬಾಗಿಲಲ್ಲಿರುವ ಕಂಟ್ರೋಲರ್ ಜೊತೆ. ಸಾಟಾ ಡಿಸ್ಕಾದರೆ ಈ ಕಂಟ್ರೋಲರ್ ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿರುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಯಾದರೆ ಎಸ್‌ಎಸ್‌ಡಿಯೊಳಗೇ ಇರುತ್ತದೆ. ಯಂತ್ರ ಚಾಲೂ ಆದಾಗ ಪ್ರತಿ ಕಂಟ್ರೋಲರ್ ಪಿಸಿಐ ಬಸ್ಸಿನ ಮೇಲೆ ತನ್ನ ವರ್ಗಸಂಕೇತ ತೋರಿಸುತ್ತದೆ, ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಹಾಗೆ. 01-06-01 ಎಂದಿದ್ದರೆ ಎಎಚ್‌ಸಿಐ ಸಾಟಾ ಕಂಟ್ರೋಲರ್. 01-08-02 ಎಂದಿದ್ದರೆ ಎನ್‌ವಿಎಂಇ. ಎಎಚ್‌ಸಿಐ 2004ರಲ್ಲಿ, ಎನ್‌ವಿಎಂಇ 2011ರಲ್ಲಿ ಬಂದ ಬಹಿರಂಗ ಮಾನದಂಡಗಳು. ಯಾವ ಕಂಪನಿಯ ಚಿಪ್ ಆದರೂ ಒಂದೇ ಭಾಷೆ. ಅದಕ್ಕೇ ವಿಂಡೋಸ್‌ನಲ್ಲಿ, ಲಿನಕ್ಸ್‌ನಲ್ಲಿ ಇವೆರಡಕ್ಕೂ ಡ್ರೈವರ್ ಒಳಗೇ ಇದೆ. ಆದರೆ ಕಾರ್ಡಿನ ಮೇಲೆ 01-04 ಎಂದಿದ್ದರೆ ಅದು ರೇಡ್, ಅಂದರೆ ಹಲವು ಡಿಸ್ಕ್ ಕೂಡಿಸಿ ಒಂದಾಗಿಸುವ ವ್ಯವಸ್ಥೆ. ರೇಡ್‌ಗೆ ಅಂಥ ಎಲ್ಲರ ಭಾಷೆ ಇಲ್ಲ. ಇಂಟೆಲ್‌ನದು ಒಂದು, ಎಎಂಡಿಯದು ಇನ್ನೊಂದು. ಆ ಕಂಪನಿಯ ಡ್ರೈವರ್ ಕೈಗೆ ಸಿಗುವ ತನಕ ಬಾಗಿಲು ತೆರೆಯುವುದಿಲ್ಲ.

ತಮಾಷೆಯೆಂದರೆ, ಬಯಾಸ್‌ನಲ್ಲಿ ಸಾಟಾ ಮೋಡ್ ಎಂಬ ಒಂದು ಆಯ್ಕೆ ಬದಲಿಸಿದರೆ ಅದೇ ಚಿಪ್ ಬೇರೆ ಕಾರ್ಡ್ ಹಾಕಿಕೊಂಡು ನಿಲ್ಲುತ್ತದೆ. ಆಳು ಅದೇ, ಗುರುತು ಬೇರೆ. ಡಿಸ್ಕಿನೊಳಗಿನ ಒಂದು ಬೈಟೂ ಬದಲಾಗಿರುವುದಿಲ್ಲ, ಆದರೂ ಆಪರೇಟಿಂಗ್ ಸಿಸ್ಟಂಗೆ ಅದು ಅಪರಿಚಿತ.

ಈ ಗೋಳು ಹೊಸದೇನಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ, ಎಎಚ್‌ಸಿಐಗಿಂತ ಮೊದಲು. ಅದರ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇರಲೇ ಇಲ್ಲ. ನೀಲಿ ಪರದೆಯ ಕೆಳಗೆ ಕೆಲವೇ ಸೆಕೆಂಡು ಎಫ್6 ಒತ್ತಿ ಎಂಬ ಸಾಲು ಮಿಂಚಿ ಹೋಗುತ್ತಿತ್ತು. ಒತ್ತಿದರೆ ಡ್ರೈವರ್ ಕೇಳುತ್ತಿತ್ತು, ಅದೂ ಫ್ಲಾಪಿಯಲ್ಲೇ. ಯಂತ್ರದಲ್ಲಿ ಡಿವಿಡಿ ಇದ್ದರೂ ಯುಎಸ್‌ಬಿ ಇದ್ದರೂ ಕೇಳುವುದು ಎ ಡ್ರೈವನ್ನೇ. ಈ ಒಂದೇ ಕಾರಣಕ್ಕೆ ಅಟ್ಟದ ಮೇಲಿನ ಹಳೇ ಫ್ಲಾಪಿ ಡ್ರೈವ್ ಇಳಿಸಿ ಧೂಳು ಒರೆಸಿದವರು ಬಹಳ ಮಂದಿ. ಅದು ಬೇಡವೆಂದವರು ಬಯಾಸ್‌ನಲ್ಲಿ ಐಡಿಇ ಮೋಡ್ ಹಾಕಿಕೊಂಡು, ಹೊಸ ಡಿಸ್ಕಿಗೆ ಹಳೇ ವೇಷ ತೊಡಿಸಿ ಕೆಲಸ ಮುಗಿಸುತ್ತಿದ್ದರು. ವಿಸ್ತಾದಿಂದ ಎಎಚ್‌ಸಿಐ ಒಳಗೇ ಬಂತು. 2009ರ ವಿಂಡೋಸ್ 7ಕ್ಕೆ ಎನ್‌ವಿಎಂಇ ಗೊತ್ತಿರಲಿಲ್ಲ, 8.1ಕ್ಕೆ ಗೊತ್ತಿತ್ತು. ಇಂಟೆಲ್‌ನ ಸ್ಟೋರೇಜ್ ಡ್ರೈವರ್‌ಗೆ ಈಗಲೂ ‘ಎಫ್6 ಡ್ರೈವರ್’ ಎಂದೇ ಹೆಸರು. ಎಫ್6 ಒತ್ತುವವರು ಮಾತ್ರ ಯಾರೂ ಉಳಿದಿಲ್ಲ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪಟ್ಟಿ ಖಾಲಿಯಾಗಲು ಮುಖ್ಯ ಕಾರಣ ವಿಎಂಡಿ. ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಎಂಬ ಈ ವ್ಯವಸ್ಥೆಯನ್ನು ಇಂಟೆಲ್ ಮೊದಲು ತಂದದ್ದು ಜಿಯಾನ್ ಸರ್ವರ್‌ಗಳಿಗೆ. ಹತ್ತಾರು ಎನ್‌ವಿಎಂಇ ಡಿಸ್ಕ್‌ಗಳನ್ನು ಯಂತ್ರ ನಿಲ್ಲಿಸದೆ ಎಳೆದು ಬದಲಿಸಲು, ಜೋಡಿಸಿ ರೇಡ್ ಮಾಡಲು ಅಲ್ಲಿ ಅದು ಬೇಕೇ ಬೇಕು. 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಅದು ಮನೆಯ ಲ್ಯಾಪ್‌ಟಾಪ್‌ಗೂ ಬಂತು, ಎಷ್ಟೋ ಮಾದರಿಗಳಲ್ಲಿ ಕಾರ್ಖಾನೆಯಿಂದಲೇ ಆನ್ ಆಗಿ. ಆನ್ ಇದ್ದಾಗ ಎಸ್‌ಎಸ್‌ಡಿ ಅದರ ಬೆನ್ನ ಹಿಂದೆ ಮರೆಯಾಗುತ್ತದೆ. ಬಸ್ಸಿನ ಮೇಲೆ ಕಾಣುವುದು ರೇಡ್ ಕಾರ್ಡ್ ಹಾಕಿಕೊಂಡ ವಿಎಂಡಿ ಮಾತ್ರ. ಹೊಸ ಎಸ್‌ಎಸ್‌ಡಿ ಹಾಕಿದರೂ ಕಾಣದೆ ಹೋದದ್ದು ಇದಕ್ಕೇ. ಒಂದೇ ಎಸ್‌ಎಸ್‌ಡಿ ಇರುವ ಮನೆಯ ಲ್ಯಾಪ್‌ಟಾಪ್‌ಗೆ ಇದರಿಂದ ಆಗುವ ಉಪಕಾರ ನನಗಂತೂ ಕಂಡಿಲ್ಲ.

ದಾರಿ ಎರಡಿವೆ. ಒಂದು, ವಿಎಂಡಿಯನ್ನೇ ಆಫ್ ಮಾಡುವುದು. ಬಯಾಸ್‌ನ ಅಡ್ವಾನ್ಸ್‌ಡ್ ವಿಭಾಗದಲ್ಲಿ ವಿಎಂಡಿ ಸೆಟಪ್ ಎಂದೋ, ಸ್ಟೋರೇಜ್ ವಿಭಾಗದಲ್ಲಿ ‘ರೇಡ್ ಆನ್’ ಬದಲು ಎಎಚ್‌ಸಿಐ ಎಂದೋ ಇರುತ್ತದೆ. ಕೆಲವು ಏಸರ್ ಮಾದರಿಗಳಲ್ಲಿ ಆ ಸಾಲು ಬಚ್ಚಿಟ್ಟುಕೊಂಡಿರುತ್ತದೆ. ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ಡಿಸ್ಕಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ, ಹೊಸದಾಗಿಯೇ ಹಾಕುತ್ತಿದ್ದೀರಿ ಎಂದಾದರೆ ಇದೇ ಸುಲಭ. ಇನ್ನೊಂದು, ಅದನ್ನು ಹಾಗೇ ಬಿಟ್ಟು ಇನ್‌ಸ್ಟಾಲರ್‌ಗೆ ಡ್ರೈವರ್ ಕೊಡುವುದು. ಬಯಾಸ್‌ನಲ್ಲಿ ಆ ಆಯ್ಕೆಯೇ ಸಿಗದಿದ್ದರೆ ಇದೊಂದೇ ಗತಿ.

ಎಲ್ಲರೂ ಎಡವುವುದು ಈ ಎರಡನೇ ದಾರಿಯಲ್ಲಿ. ತಯಾರಕರ ತಾಣದಿಂದ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ (ಆರ್‌ಎಸ್‌ಟಿ) ಡ್ರೈವರ್ ಇಳಿಸಿ, ಆ ಇಎಕ್ಸ್‌ಇ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕಿ, ‘ಲೋಡ್ ಡ್ರೈವರ್’ ಒತ್ತುತ್ತಾರೆ. ಏನೂ ಸಿಗಲಿಲ್ಲ ಎನ್ನುತ್ತದೆ. ಇನ್‌ಸ್ಟಾಲರ್‌ಗೆ ಬೇಕಾದದ್ದು ಡಬ್ಬಿಯಲ್ಲ, ಒಳಗಿನ ಅಡುಗೆ: ಐಎನ್‌ಎಫ್, ಸಿಸ್, ಕ್ಯಾಟ್ ಎಂದು ಕೊನೆಯಾಗುವ ಬಿಡಿ ಫೈಲುಗಳು. ಇಎಕ್ಸ್‌ಇಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಬಿಚ್ಚಿ, ಬಂದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಬೇಕು. ನಿಮ್ಮ ಮಾದರಿಯ ಪುಟದಲ್ಲಿರುವ ಡ್ರೈವರನ್ನೇ ತೆಗೆದುಕೊಳ್ಳಿ. ತೀರ ಹೊಸ ಆವೃತ್ತಿ ಹಳೇ ತಲೆಮಾರನ್ನು ಕೈಬಿಟ್ಟಿರಬಹುದು. ಸರಿಯಾದ ಫೋಲ್ಡರ್ ತೋರಿಸಿದಾಗ ಪರದೆಯ ಮೇಲೆ ‘ಇಂಟೆಲ್ ಆರ್‌ಎಸ್‌ಟಿ ವಿಎಂಡಿ ಕಂಟ್ರೋಲರ್ 9ಎ0ಬಿ’ ಎಂಬ ಸಾಲು ಬರುತ್ತದೆ. 9ಎ0ಬಿ ಅಂದರೆ 11ನೇ ತಲೆಮಾರು, 467ಎಫ್ ಅಂದರೆ 12ನೆಯದು. ಅದನ್ನು ಆರಿಸಿ ಮುಂದೆ ಒತ್ತಿದರೆ, ಕೆಲ ಕ್ಷಣ ಬಿಟ್ಟು 512 ಜಿಬಿಯ ಎಸ್‌ಎಸ್‌ಡಿ 476.9 ಜಿಬಿ ಎಂದು ಹಾಜರಾಗುತ್ತದೆ. (ಉಳಿದ 35 ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ.)

ಎಎಂಡಿ ಯಂತ್ರಗಳಲ್ಲಿ ರೇಡ್ ಮೋಡ್ ಬಳಸದಿದ್ದರೆ ಇದ್ಯಾವುದೂ ಬೇಡ. ಬಳಸುವುದಾದರೆ ಮೂರು ಡ್ರೈವರ್ ಕ್ರಮವಾಗಿ ಕೊಡಬೇಕು: ಮೊದಲು ಆರ್‌ಸಿಬಾಟಮ್, ಆಮೇಲೆ ಆರ್‌ಸಿರೇಡ್, ಕೊನೆಗೆ ಆರ್‌ಸಿಸಿಎಫ್‌ಜಿ. ಡಿಸ್ಕ್ ಪಟ್ಟಿಯಲ್ಲಿ ಕಂಡೂ ಎಂಬಿಆರ್ ಪಾರ್ಟಿಷನ್ ಎಂದು ತಕರಾರು ತೆಗೆದರೆ ಅದು ಡ್ರೈವರ್ ಮಾತಲ್ಲ, ಯುಇಎಫ್‌ಐ ಬೂಟ್‌ಗೆ ಜಿಪಿಟಿ ಬೇಕೆಂಬ ಮಾತು, ಇಲ್ಲಿ ಬೇಡ.

ಇನ್ನು ಎಚ್ಚರದ ವಿಷಯ. ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ವಿಂಡೋಸ್ ಇದ್ದು, ಪಕ್ಕದಲ್ಲಿ ಲಿನಕ್ಸ್ ಹಾಕೋಣ ಎಂದು ರೇಡ್ ಬಿಟ್ಟು ಎಎಚ್‌ಸಿಐ ಮಾಡಿದಿರಿ ಅನ್ನಿ. ವಿಂಡೋಸ್ ಅರ್ಧ ಎದ್ದು ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಕುಸಿಯುತ್ತದೆ. ಅರ್ಧವಾದರೂ ಎದ್ದದ್ದು ಹೇಗೆ? ಬೂಟ್ ಲೋಡರ್ ಡಿಸ್ಕ್ ಓದುವಾಗ ಬಯಾಸ್‌ನ ಸಹಾಯ ಇರುತ್ತದೆ. ಕರ್ನೆಲ್ ಮೆಮೊರಿಗೆ ಬಂದು ಅಧಿಕಾರ ವಹಿಸಿಕೊಂಡ ಕೂಡಲೇ ಆ ಸಹಾಯ ನಿಲ್ಲುತ್ತದೆ. ಮುಂದೆ ಸ್ವಂತ ಡ್ರೈವರ್ ಬೇಕು. ಮೊದಲ ಹಂತದಲ್ಲೇ ಎಬ್ಬಿಸಬೇಕಾದ ಡ್ರೈವರ್‌ಗಳ ಪಟ್ಟಿಯಲ್ಲಿ ಎಎಚ್‌ಸಿಐ ಇರುವುದಿಲ್ಲ, ಏಕೆಂದರೆ ಈವರೆಗೆ ಅದರ ಕೆಲಸವೇ ಇರಲಿಲ್ಲ. ಅಟ್ಟ ಹತ್ತಿಸಿ ಏಣಿ ತೆಗೆದ ಕತೆ.

ದಾಟುವ ಉಪಾಯವೂ ಇದೆ. ಬಯಾಸ್ ಮುಟ್ಟುವ ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ, ರೀಸ್ಟಾರ್ಟ್ ಮಾಡುತ್ತಾ ನೇರ ಬಯಾಸ್‌ಗೆ ಹೋಗಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಹೊಸ ಕಂಟ್ರೋಲರನ್ನು ಗುರುತಿಸಿ ಅದರ ಡ್ರೈವರನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರಾಯಿತು. ಆದರೆ ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೇ ಇರಬಹುದು. ಖಾತೆಯ ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ ಇದ್ದರೆ ಮೊದಲೇ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬಿಟ್‌ಲಾಕರ್ ನಾನು ಹಾಕಿಯೇ ಇಲ್ಲ ಎನ್ನಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಲ್ಲಿ ಅದು ನಿಮ್ಮನ್ನು ಕೇಳದೆಯೇ ಆನ್ ಆಗಿರಬಹುದು. ಹಾರ್ಡ್‌ಡಿಸ್ಕಿಗೆ ವೇಗ ಹೆಚ್ಚಿಸಲು 16 ಜಿಬಿ ಆಪ್ಟೇನ್ ಮೆಮೊರಿ ಜೋಡಿಸಿದ ಹಳೇ ಯಂತ್ರವಾದರೆ, ಇಂಟೆಲ್‌ನ ಆ್ಯಪ್‌ನಲ್ಲಿ ಆ ಜೋಡಿಯನ್ನು ಮೊದಲು ಬಿಡಿಸಬೇಕು. ನಿಜವಾಗಿಯೇ ಎರಡು ಡಿಸ್ಕ್ ಕೂಡಿಸಿ ರೇಡ್ ಮಾಡಿಕೊಂಡಿದ್ದರೆ ಬ್ಯಾಕಪ್ ಇಲ್ಲದೆ ಬಯಾಸ್‌ನ ಆ ಆಯ್ಕೆಯ ಹತ್ತಿರ ಹೋಗಬೇಡಿ.

ಲಿನಕ್ಸ್‌ನದು ಇನ್ನೊಂದು ರೀತಿ. ಉಬುಂಟು ಇನ್‌ಸ್ಟಾಲರ್ ಆರ್‌ಎಸ್‌ಟಿ ಆನ್ ಇರುವುದು ಕಂಡರೆ ಮುಂದೆ ಹೋಗದೆ, ಆಫ್ ಮಾಡಿ ಬನ್ನಿ ಎನ್ನುತ್ತದೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಎಂಇ ಡಿಸ್ಕನ್ನು ಸಾಟಾ ಕಂಟ್ರೋಲರ್‌ನ ಹಿಂದೆ ಅಡಗಿಸುತ್ತಿದ್ದರು. ಅಲ್ಲಿ ಕರ್ನೆಲ್ಲೇ ಲಾಗ್‌ನಲ್ಲಿ ಇಷ್ಟು ಎನ್‌ವಿಎಂಇ ಅಡಗಿವೆ, ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿ ಎಂದು ಬರೆದಿಡುತ್ತದೆ. ಇಷ್ಟು ಬಿಡಿಸಿ ಹೇಳುವ ದೋಷಸಂದೇಶ ಕಂಪ್ಯೂಟರಿನಲ್ಲಿ ಅಪರೂಪ.

ಅಕ್ಕನ ಮಗಳ ಲ್ಯಾಪ್‌ಟಾಪ್‌ನಲ್ಲಿ ವಿಎಂಡಿ ಆಫ್ ಮಾಡಲಿಲ್ಲ. ಹಳೇ ಎಸ್‌ಎಸ್‌ಡಿಯನ್ನೇ ವಾಪಸ್ ಕೂರಿಸಿ, ಡ್ರೈವರ್ ಕೊಟ್ಟೇ ನೋಡಿದೆ, ಅವಳ ಫೋಟೋಗಳೆಲ್ಲ ಅದರಲ್ಲೇ ಇದ್ದವಲ್ಲ. ಡ್ರೈವ್ 0 ಎಂದು ನಾಲ್ಕು ಪಾರ್ಟಿಷನ್ ಕಂಡವು. ಇನ್‌ಸ್ಟಾಲ್ ಅಲ್ಲಿಗೇ ನಿಲ್ಲಿಸಿ, ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪರದೆ ತೆರೆದು, ಫೋಟೋ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು ಆಮೇಲೆ ವಿಂಡೋಸ್ ಹಾಕಿದೆವು. ಸುಮ್ಮನೆ ಕೊಂಡ ಹೊಸ ಎಸ್‌ಎಸ್‌ಡಿಗೆ ಒಂದು ಯುಎಸ್‌ಬಿ ಎನ್‌ಕ್ಲೋಷರ್ ತಂದು ಈಗ ಬ್ಯಾಕಪ್‌ಗೆ ಬಳಸುತ್ತಿದ್ದಾಳೆ. ಡ್ರೈವರಿನ ಬಿಡಿ ಫೋಲ್ಡರೂ ಅದರಲ್ಲೇ ಇದೆ.