ಕ್ರಾಷ್ ಡಂಪ್: ಕುಸಿದ ಪ್ರೋಗ್ರಾಮಿನ ಮಹಜರು

ಕೆಲಸ ಮಾಡುತ್ತಿದ್ದ ಕಂಪ್ಯೂಟರು ಒಮ್ಮಿಂದೊಮ್ಮೆಗೆ ನಿಂತುಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ಮತ್ತೆ ಚಾಲೂ ಮಾಡಿದರೆ ನಮ್ಮ ಮಟ್ಟಿಗೆ ತೊಂದರೆ ತೀರಿತು. ಆದರೆ ಪ್ರೋಗ್ರಾಮನ್ನು ಬರೆದವನ ತೊಂದರೆ ಅಲ್ಲಿಂದಲೇ ಆರಂಭ. ದೋಷವು ಎಲ್ಲಿಯೋ ದೂರದ ಯಂತ್ರವೊಂದರಲ್ಲಿ, ಕ್ಷಣಮಾತ್ರದಲ್ಲಿ ನಡೆದುಹೋಗಿದೆ; ಅವನ ಮೇಜಿನ ಮೇಲಿನ ಯಂತ್ರದಲ್ಲಾದರೋ ಅದೇ ಪ್ರೋಗ್ರಾಮು ಸುಗಮವಾಗಿ ಓಡುತ್ತಿದೆ. ಕಣ್ಣಿಗೆ ಕಾಣದ ದೋಷವನ್ನು ಹುಡುಕುವ ಬಗೆ ಹೇಗೆ? ಈ ಕಷ್ಟಕ್ಕೆ ಒದಗುವ ಸಾಧನವೇ 'ಕ್ರಾಷ್ ಡಂಪ್' ಎಂಬ ಕಡತ.

ಅಪಘಾತ ನಡೆದ ಸ್ಥಳದಲ್ಲಿ ಪೊಲೀಸರು ಪಂಚರ ಸಮಕ್ಷಮ ಮಹಜರು ಬರೆಯುವುದುಂಟಷ್ಟೆ. ಯಾವ ವಸ್ತು ಎಲ್ಲಿ ಬಿದ್ದಿತ್ತೋ ಅದನ್ನು ಹಾಗೆಯೇ ದಾಖಲಿಸುವುದು ಅದರ ಉದ್ದೇಶ. ಪ್ರೋಗ್ರಾಮು ಕುಸಿದಾಗ ಆಪರೇಟಿಂಗ್ ಸಿಸ್ಟಂ ಮಾಡುವುದೂ ಇಂಥ ಕೆಲಸವನ್ನೇ. ಪ್ರೋಗ್ರಾಮು ಯಾವ ಆದೇಶದ ಬಳಿ ನಿಂತಿತು, ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಯಾವ ಅಂಕೆಗಳಿದ್ದುವು, ಯಾವ ಭಾಗವು ಯಾವುದನ್ನು ಕರೆದು ಅಲ್ಲಿಗೆ ಬಂದಿತು ಎಂಬಿವನ್ನೂ, ಮೆಮೊರಿಯ ಒಂದಂಶವನ್ನೋ ಇಡಿಯಾಗಿಯೋ, ಡಿಸ್ಕಿನಲ್ಲಿ ಬರೆದಿಡುತ್ತದೆ. ಹಿಂದೆ ಮೆಮೊರಿಯನ್ನು 'ಕೋರ್' ಎಂಬ ಪುಟ್ಟ ಕಾಂತೀಯ ಉಂಗುರಗಳಿಂದ ಮಾಡುತ್ತಿದ್ದರು. ಆ ಉಂಗುರಗಳು ಮರೆಯಾದರೂ ಯೂನಿಕ್ಸ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕಡತಕ್ಕೆ 'ಕೋರ್ ಡಂಪ್' ಎಂಬ ಹೆಸರೇ ನಿಂತಿದೆ.

ಡಂಪಿನಲ್ಲಿರುವುದು ಬರಿಯ ಅಂಕೆಗಳ ರಾಶಿ. ಜಿಡಿಬಿ, ವಿನ್‌ಡಿಬಿಜಿ ಮುಂತಾದ ಡಿಬಗರುಗಳು, ಪ್ರೋಗ್ರಾಮಿನ ಜೊತೆಗೆ ತಯಾರಾದ ಸಿಂಬಲ್ ಕಡತಗಳ ನೆರವಿನಿಂದ, ಆ ಅಂಕೆಗಳನ್ನು ಮೂಲ ಪ್ರೋಗ್ರಾಮಿನ ಹೆಸರುಗಳಿಗೂ ಸಾಲುಗಳಿಗೂ ಹೊಂದಿಸಿ ತೋರಿಸುತ್ತವೆ.

ಇದರ ಬೆಲೆಯನ್ನು ತಿಳಿಯಲು ಒಂದು ಉದಾಹರಣೆ ಸಾಕು. ೨೦೨೪ನೆಯ ಜುಲೈ ೧೯ರಂದು ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿಯು ತನ್ನ ರಕ್ಷಣಾ ಪ್ರೋಗ್ರಾಮಿಗೆ ಕಳುಹಿಸಿದ ಒಂದು ಸಣ್ಣ ಕಡತದಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವು. ವಿಮಾನಗಳು ರದ್ದಾದುವು, ಆಸ್ಪತ್ರೆಗಳ ಕೆಲಸ ಕೆಟ್ಟಿತು. ನಮ್ಮ ದೇಶದಲ್ಲಿಯೂ ಕೆಲವು ವಿಮಾನ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಡಬೇಕಾಯಿತು. ಪ್ರೋಗ್ರಾಮು ಮೆಮೊರಿಯ ಶೂನ್ಯ ವಿಳಾಸವನ್ನು ಓದಹೋದದ್ದೇ ಕಾರಣವೆಂದು ಅನೇಕರು ಊಹಿಸಿದರು. ಅದೇ ತಿಂಗಳು ಮೈಕ್ರೋಸಾಫ್ಟ್ ಪ್ರಕಟಿಸಿದ ಡಂಪಿನ ವಿಶ್ಲೇಷಣೆಯು ಈ ಊಹೆಯನ್ನು ಅಲ್ಲಗಳೆಯಿತು. ವಿಳಾಸವು ಶೂನ್ಯವೇ ಎಂದು ಪ್ರೋಗ್ರಾಮು ಮೊದಲೇ ಪರೀಕ್ಷಿಸಿತ್ತು. ಅದು ಶೂನ್ಯವಲ್ಲ, ಆದರೆ ಓದಲು ಸಾಧ್ಯವಿಲ್ಲದ ಜಾಗದ ವಿಳಾಸ! ಆಗಸ್ಟಿನಲ್ಲಿ ಕಂಪನಿಯು ಹೊರಡಿಸಿದ ವರದಿಯಿಂದ ಮೂಲಕಾರಣವೂ ತಿಳಿಯಿತು. ೨೦ ಮೌಲ್ಯಗಳನ್ನಷ್ಟೇ ಒದಗಿಸಿದ್ದ ಕಡೆ ಪ್ರೋಗ್ರಾಮು ೨೧ನೆಯದನ್ನು ಓದಹೋಗಿತ್ತು.

ಇಲ್ಲಿಯೇ ಡಂಪಿನ ಮಿತಿಯೂ ಗೋಚರವಾಗುತ್ತದೆ. ಅದು ಕುಸಿದ ಸ್ಥಳವನ್ನು ತೋರಿಸೀತು. ಕುಸಿತಕ್ಕೆ ಬೀಜ ಬಿದ್ದ ಸ್ಥಳ ಬೇರೆಯಿರಬಹುದು. ಒಂದು ಭಾಗವು ಮೆಮೊರಿಯನ್ನು ಕೆಡಿಸಿ ತಾನು ಸುಖವಾಗಿ ಮುಂದೆ ಸಾಗಿರುತ್ತದೆ. ಬಹಳ ಹೊತ್ತಿನ ಮೇಲೆ ಅದೇ ಜಾಗವನ್ನು ಓದಿದ ನಿರಪರಾಧಿ ಭಾಗವು ಕುಸಿಯುತ್ತದೆ. ಮಹಜರು ಕೈಗೆ ಬಂದಿತೆಂದು ವಿಚಾರಣೆ ಮುಗಿದಂತಲ್ಲ.

ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಕುಸಿದ ಗಳಿಗೆಯಲ್ಲಿ ಮೆಮೊರಿಯಲ್ಲಿದ್ದ ಪಾಸ್‌ವರ್ಡು, ಪತ್ರ, ಲೆಕ್ಕ ಎಲ್ಲವೂ ಡಂಪಿನೊಳಗೆ ಸೇರಿರಬಹುದು. ಆದಕಾರಣ ಅದನ್ನು ಗುರುತಿಲ್ಲದವರ ಕೈಗೆ ಕೊಡುವುದು ಸಲ್ಲದು. ಹಾಗೆಂದು, ಜಾಗ ಹಿಡಿಯುತ್ತದೆಂಬ ಕಾರಣಕ್ಕೆ ನೋಡಿದೊಡನೆ ಅಳಿಸಿಹಾಕುವುದೂ ಜಾಣತನವಲ್ಲ. ಮತ್ತೆಂದೂ ಮರುಕಳಿಸದಿರಬಹುದಾದ ಒಂದು ಕ್ಷಣಕ್ಕೆ ಉಳಿದಿರುವ ಸಾಕ್ಷಿ ಅದೊಂದೇ ಆಗಿರಬಹುದು. ದೋಷವನ್ನು ಊಹೆಯಿಂದಲ್ಲದೆ ಸಾಕ್ಷ್ಯದಿಂದ ನಿರ್ಣಯಿಸಬೇಕೆಂಬ ವಿಜ್ಞಾನದ ಹಳೆಯ ನಿಯಮವು ಇಲ್ಲಿಯೂ ಸಲ್ಲುತ್ತದೆ.